ಮೊದಲು ಗೋಡೆ, ಆಮೇಲೆ ಚಿತ್ರ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನ ಗೋಡೆಚಿತ್ರಗಳನ್ನು, ಅದರಲ್ಲೂ ಮಲ್ಲೇಶ್ವರದ ಸಂದಿಗಳ ಚಿತ್ರಗಳನ್ನು ನೋಡುವುದು ಹೇಗೆ ಅಂತ ನಾಲ್ಕು ಮಾತು ಹೇಳಿ ಎಂದು ರೇಡಿಯೋದವರು ಕರೆದಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಮಾತು. ಚಿತ್ರ ನೋಡುವ ಮೊದಲು ಗೋಡೆ ನೋಡಿ.

ಈಗ ಆಗುತ್ತಿರುವುದೇನು? ಭಾನುವಾರ ಬಂದರೆ ಹುಡುಗ ಹುಡುಗಿಯರು ಗುಂಪಾಗಿ ಬರುತ್ತಾರೆ. ಚಿತ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ, ಸೆಲ್ಫಿ ತೆಗೆಯುತ್ತಾರೆ, ಮುಂದಿನ ಗೋಡೆಗೆ ಓಡುತ್ತಾರೆ. ಬೆನ್ನು ಹಾಕಿ ನೋಡುವುದು ಯಾವ ಸೀಮೆಯ ನೋಟವೋ ನನಗಂತೂ ತಿಳಿಯದು. ಇರಲಿ, ಮಕ್ಕಳು.

ಮಲ್ಲೇಶ್ವರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಕಟ್ಟಿದ ಬಡಾವಣೆ. ಅದು ಬೇಗ ಬೆಳೆದದ್ದು 1898ರ ಪ್ಲೇಗಿನ ದೆಸೆಯಿಂದ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದೊಂದು ಸಂದಿ ಬಿಟ್ಟರು. ಅದೇ ಕನ್ಸರ್ವೆನ್ಸಿ. ಮಲ ಹೊರುತ್ತಿದ್ದವರು ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಬೇಕಿತ್ತು. ಒಳಚರಂಡಿ ಬಂದ ಮೇಲೆ ಸಂದಿಗೆ ಕೆಲಸ ಇಲ್ಲದಾಯಿತು. ಕಸ ಬಂದು ಬಿತ್ತು, ಒಡೆದ ಕಮೋಡು ಬಂದು ಬಿತ್ತು. ಆ ಮೇಲೆ ನಿವಾಸಿಗಳೂ ಕಲಾವಿದರೂ ಸೇರಿ ಅಂಥ ಕೆಲವು ಸಂದಿಗಳನ್ನು ಗುಡಿಸಿ, ಗೋಡೆಗೆ ಬಣ್ಣ ಕಟ್ಟಿದರು. ಅಂದರೆ ನೀವು ಅಲ್ಲಿ ನೋಡುವುದು ಮನೆಗಳ ಹಿತ್ತಲ ಗೋಡೆ. ಮುಂದಿನ ಗೋಡೆಗೆ ಹಬ್ಬಕ್ಕೋ ಮದುವೆಗೋ ಸುಣ್ಣಬಣ್ಣ ಆಗುತ್ತದೆ. ಹಿತ್ತಲ ಗೋಡೆಯನ್ನು ಕೇಳುವವರಿಲ್ಲ. ಬಚ್ಚಲ ಪೈಪು, ಪಾತ್ರೆ ತೊಳೆದ ನೀರು, ಬಟ್ಟೆ ಒಗೆಯುವ ಕಲ್ಲು, ಎಲ್ಲ ಅದರ ಮಗ್ಗುಲಿಗೇ.

ಇಲ್ಲೊಂದು ಪ್ರಸಂಗ ಹೇಳಲೇಬೇಕು. ನನಗೆ ಕುಂಚ ಹಿಡಿಯಲು ಕಲಿಸಿದವರು ಮೆಜೆಸ್ಟಿಕ್ ಕಡೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಕೆ.ಜಿ. ರಸ್ತೆಯ ಥಿಯೇಟರುಗಳ ಮುಂದೆ ದೊಡ್ಡ ದೊಡ್ಡ ಕಟೌಟು ನಿಲ್ಲುತ್ತಿದ್ದ ಕಾಲದವರು. ಫ್ಲೆಕ್ಸ್ ಬಂತು, ಅವರ ಕೆಲಸ ಹೋಯಿತು. ಒಮ್ಮೆ ಒಂದು ಸಂದಿಯಲ್ಲಿ ನವಿಲು ಬರೆಯಲು ಇಬ್ಬರೂ ಹೋದೆವು. ಮನೆಯ ಅಜ್ಜಿಗೆ ನವಿಲು ಬೇಕಿರಲಿಲ್ಲ. "ದೇವ್ರ ಪಟ ಬರೀರಪ್ಪ. ಆಗಲಾದ್ರೂ ಇಲ್ಲಿ ನಿಂತ್ಕೊಂಡು ಉಚ್ಚೆ ಹುಯ್ಯೋದು ತಪ್ಪುತ್ತೆ" ಅಂದರು. ಗುರುಗಳು ಉತ್ತರ ಕೊಡಲಿಲ್ಲ. ಅಂಗೈಯನ್ನು ಗೋಡೆಗೆ ಒತ್ತಿ, ಮೇಲಿನಿಂದ ಕೆಳಗೆ ಸವರುತ್ತಾ ಬಂದರು. ಮೊಣಕಾಲ ಮಟ್ಟಕ್ಕೆ ಬಂದಾಗ ಕೈ ನಿಲ್ಲಿಸಿದರು. ಚೀಲದಿಂದ ಒಂದು ಪ್ಲಾಸ್ಟಿಕ್ ಹಾಳೆ ತೆಗೆದು, ಅಲ್ಲಿಗೆ ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ, "ನಾಳೆ ಬರೋಣ ನಡಿ" ಅಂದರು. ಬಣ್ಣದ ಡಬ್ಬಿ ತೆರೆಯಲೂ ಇಲ್ಲ!

ಮರುದಿನ ನೋಡಿದರೆ ಹಾಳೆಯ ಒಳಮೈಯಲ್ಲಿ ನೀರಿನ ಹನಿ. ಹೊರಮೈ ಒಣಗಿದೆ. ಒಳಗಡೆ ಹನಿ ಅಂದರೆ ನೀರು ಬರುತ್ತಿರುವುದು ಗೋಡೆಯಿಂದಲೇ. ಗುರುಗಳು ಅಜ್ಜಿಯನ್ನು ಕರೆದು ತೋರಿಸಿದರು. "ಅಮ್ಮಾ, ಈ ಗೋಡೆ ಆಚೆ ಏನಿದೆ?" "ಒಗೆಯೋ ಕಲ್ಲು. ನಾನು ಮದ್ವೆಯಾಗಿ ಬಂದಾಗಿಂದ ಅಲ್ಲೇ ಐತೆ. ಈಗ ನಿನ್ನ ನವಿಲಿಗೋಸ್ಕರ ಎತ್ತಿಡ್ಲಾ?" ಗುರುಗಳು ನಕ್ಕುಬಿಟ್ಟರು. ಕಲ್ಲು ಅಲ್ಲೇ ಇರಲಿ ಅಂದರು. ಆದರೆ ಗೋಡೆಯ ಕೆಳಗಿನ ಎರಡಡಿ ಗಾರೆಯನ್ನು ಪೂರ್ತಿ ಕೆತ್ತಿಸಿದರು. ಒಳಗೆ ಸೈಜುಗಲ್ಲು ಕಂಡಿತು, ಬೂದುಬಣ್ಣದ ಚೆಂದದ ಕಲ್ಲು. ಅದನ್ನು ಹಾಗೇ ಬಿಟ್ಟು, ಅದರ ಮೇಲೆ ನವಿಲು ಕೂತ ಹಾಗೆ ಬರೆದರು. ನೋಡುವವರಿಗೆ ಅದು ಬಂಡೆಯ ಮೇಲೆ ಕೂತ ನವಿಲು. ನಿಜವಾದ ಬಂಡೆ, ಬರೆದ ನವಿಲು. ಅದೇ ಸಂದಿಯಲ್ಲಿ ಬೇರೆಯವರು ನೆಲದವರೆಗೂ ಬಣ್ಣ ಬಳಿದಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವರ ಹೂವು, ಚಿಟ್ಟೆ ಎಲ್ಲ ಹಪ್ಪಳದ ಹಾಗೆ ಎದ್ದುಬಂದವು.

ಕಾರಣ ಸುಲಭ. ನೆಲದ ತೇವವನ್ನು ಗೋಡೆ ಮೇಲಕ್ಕೆ ಹೀರುತ್ತದೆ. ನೀರಿನಲ್ಲಿ ಉಪ್ಪು ಕರಗಿರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿದು ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ನೂಕುತ್ತದೆ. ಎಷ್ಟು ದುಬಾರಿ ಎಮಲ್ಷನ್ ಬಳಿದರೂ ಅಷ್ಟೇ. ಅದಕ್ಕೇ ಹೇಳುವುದು, ಮೊದಲು ಗೋಡೆ.

ಇದು ಹೊಸ ವಿದ್ಯೆಯೇನಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು 1780ರ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿರುತ್ತೀರಿ. ಕುದುರೆ ಎಷ್ಟು, ಆನೆ ಎಷ್ಟು ಅಂತ ಎಣಿಸಿಯೂ ಇರುತ್ತೀರಿ. ಆ ಗೋಡೆಯ ಮುಂದಿನ ಅಗಲ ಜಗುಲಿ ನೋಡಿದಿರಾ? ಮಳೆ ನೇರ ಬಡಿಯದ ಹಾಗೆ ಗೋಡೆಯನ್ನು ಒಳಗೆ ಸರಿಸಿ ಕಟ್ಟಿದ್ದಾರೆ.

ಸಮಯ ಆಗುತ್ತಾ ಬಂತು ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಬೇಗ ಹೇಳಿಬಿಡುತ್ತೇನೆ. 2009ರಲ್ಲಿ ಬಿಬಿಎಂಪಿಯವರು ಸಾರ್ವಜನಿಕ ಗೋಡೆಗಳ ಮೇಲೆ ಹಂಪಿ, ಯಕ್ಷಗಾನ ಎಲ್ಲ ಬರೆಸಿದರಲ್ಲ, ಕೆಲಸ ಕಳೆದುಕೊಂಡ ಬ್ಯಾನರ್ ಕಲಾವಿದರ ಕೈಗೆ ಆಗ ಮತ್ತೆ ಕುಂಚ ಬಂತು. ಪೋಸ್ಟರ್ ಅಂಟಿಸುವವರ ಕಾಟ ತಪ್ಪಿಸಲು ಬರೆಸಿದ್ದು ಅದು. ಇನ್ನು 2016ರಲ್ಲಿ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ತಮ್ಮಂಥವರ ಮುಖಗಳನ್ನು ಊರಿನ ಗೋಡೆಗಳ ಮೇಲೆ ದೊಡ್ಡದಾಗಿ ಬರೆದರು. ಬೀದಿಯಲ್ಲಿ ತಮ್ಮನ್ನು ಕಂಡು ಮುಖ ತಿರುಗಿಸುತ್ತಿದ್ದ ಜನರ ಎದುರಿಗೇ ಬರೆದರು. ಗೋಡೆ ಎಲ್ಲಿದೆ ಅನ್ನುವುದೇ ಅಲ್ಲಿ ಅರ್ಧ ಚಿತ್ರ. ಕಲಾವಿದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ತಂದು ಕೂರಿಸಿದರು. ಆ ಮೊಸಳೆಯನ್ನು ಗ್ಯಾಲರಿಯಲ್ಲಿಟ್ಟರೆ ಅದೊಂದು ಗೊಂಬೆ. ಗುಂಡಿ ಮೊದಲು, ಮೊಸಳೆ ಆಮೇಲೆ!

ಮಲ್ಲೇಶ್ವರಕ್ಕೆ ಹೋಗುವವರು ಬೆಳಿಗ್ಗೆಯೇ ಹೋಗಿ. ತಡವಾದರೆ ಗೋಡೆಗೆ ಒರಗಿದ ಹಾಗೆ ಸ್ಕೂಟರು, ಕಾರು ನಿಂತಿರುತ್ತವೆ, ಚಿತ್ರದ ಮೇಲಿನ ಅರ್ಧ ಮಾತ್ರ ಕಾಣುತ್ತದೆ. ಸಂದಿಯಲ್ಲಿ ಮನೆಗಳ ಹಿಂಬಾಗಿಲಿದೆ, ಗಟ್ಟಿಯಾಗಿ ಮಾತಾಡಬೇಡಿ. ಮೊದಲು ಗೋಡೆಯ ಬುಡ ನೋಡಿ. ಬಿಳಿ ಉಪ್ಪು ಕಕ್ಕಿದೆಯಾ, ಬಣ್ಣ ಉಬ್ಬಿದೆಯಾ, ಹಳೆಯ ಪೋಸ್ಟರಿನ ಚೂರು ಒಳಗೆ ಉಳಿದಿದೆಯಾ ನೋಡಿ. ಅಂಗೈ ಇಟ್ಟು ನೋಡಿದರೂ ತಪ್ಪಿಲ್ಲ, ಆದರೆ ಉಗುರಿನಿಂದ ಕೆರೆಯಬೇಡಿ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ಚಿತ್ರ ನೋಡಿ. ಯಾರಾದರೂ ಅಜ್ಜಿ ಹೊರಗೆ ಬಂದು "ಯಾರಪ್ಪ, ಏನು ನೋಡ್ತಿದ್ದೀರಿ" ಅಂತ ಕೇಳಿದರೆ ಅವರನ್ನೇ ಮಾತಿಗೆಳೆಯಿರಿ. ಆ ಗೋಡೆಯ ಆಚೆ ಏನಿದೆ ಅಂತ ಅವರಿಗಲ್ಲದೆ ಇನ್ಯಾರಿಗೆ ಗೊತ್ತು?

ನಮಸ್ಕಾರ.