ಹೆಬ್ಬೆರಳ ಹಿಂದೆ ಗೋಳಗುಮ್ಮಟ

ನಮಸ್ಕಾರ ಮಕ್ಕಳೇ. ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ ಕೂತಾಗಲೇ ಗೋಳಗುಮ್ಮಟ ದೂರದಿಂದ ಕಾಣುತ್ತದೆ, ಅಲ್ವಾ? ಮುಂದಿನ ಸಲ ಅದು ಕಂಡಾಗ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಹೆಬ್ಬೆರಳು ಅಡ್ಡ ಹಿಡಿಯಿರಿ. ಅಷ್ಟು ದೊಡ್ಡ ಗುಮ್ಮಟ ಮಾಯ! ಬೆರಳು ಹತ್ತಿರ ಇದೆ, ಗುಮ್ಮಟ ದೂರ ಇದೆ, ಅಷ್ಟೇ.

ಸೂರ್ಯಗ್ರಹಣವೂ ಹೀಗೇ. ಚಂದ್ರ ನಿಮ್ಮ ಹೆಬ್ಬೆರಳು, ಸೂರ್ಯ ಗುಮ್ಮಟ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ. ಆದರೆ ಸುಮಾರು 400 ಪಟ್ಟು ದೂರವೂ ಇದ್ದಾನೆ. ಅದಕ್ಕೇ ಇಬ್ಬರೂ ಒಂದೇ ಅಳತೆಗೆ ಬಡಿದ ರೊಟ್ಟಿಗಳ ಹಾಗೆ ಕಾಣುತ್ತಾರೆ. ಅಮಾವಾಸ್ಯೆಯ ದಿನ ಚಂದ್ರ ಸೂರ್ಯನಿಗೆ ಸರಿಯಾಗಿ ಅಡ್ಡ ಬಂದರೆ ಗ್ರಹಣ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರು ಕಡೆ ಹಗಲಲ್ಲೇ ಕತ್ತಲಾಗಿತ್ತು. ನಿಮ್ಮ ಅಜ್ಜ, ಅಜ್ಜಿಯನ್ನು ಕೇಳಿ ನೋಡಿ. ಬಾಗಿಲು ಹಾಕಿಕೊಂಡು ಒಳಗೇ ಕೂತವರೂ ಬಹಳ!

ಹಾಗಾದರೆ ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಿಲ್ಲ? ಬೆರಳನ್ನು ಸ್ವಲ್ಪ ಮೇಲೆತ್ತಿ. ಗುಮ್ಮಟ ಮತ್ತೆ ಕಂಡಿತಲ್ಲ? ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ. ಹೆಚ್ಚಿನ ಸಲ ಅವನು ಸೂರ್ಯನ ಮೇಲಿಂದಲೋ ಕೆಳಗಿಂದಲೋ ಸುಮ್ನೆ ದಾಟಿ ಹೋಗುತ್ತಾನೆ.

ಚಂದ್ರಗ್ರಹಣ ಹುಣ್ಣಿಮೆಗೆ. ಆಗ ಅಡ್ಡ ಬರುವವರು ನಾವೇ. ನಮ್ಮ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ. 2025ರ ಅನಂತನ ಹುಣ್ಣಿಮೆ, ಸೆಪ್ಟೆಂಬರ್ 7ರ ರಾತ್ರಿ, ಅವನು 82 ನಿಮಿಷ ಪೂರ್ತಿ ನೆರಳಲ್ಲಿದ್ದ. ಆದರೂ ಕಪ್ಪಾಗಲಿಲ್ಲ, ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿದ. ಭೂಮಿಯ ಸುತ್ತಲಿನ ಗಾಳಿಯನ್ನು ದಾಟಿ, ಬಾಗಿ ಬರುವ ಬೆಳಕಿನಲ್ಲಿ ಕೆಂಪೇ ಜಾಸ್ತಿ. ಚಂದ್ರಗ್ರಹಣವನ್ನು ಬರಿಗಣ್ಣಲ್ಲೇ ನೋಡಬಹುದು, ಏನೂ ಆಗಲ್ಲ.

ಸೂರ್ಯನನ್ನು ಮಾತ್ರ ಹಾಗೆ ನೋಡಲೇಬೇಡಿ. ಎಕ್ಸ್‌ರೇ ಹಾಳೆ, ಕೂಲಿಂಗ್ ಗ್ಲಾಸ್ ಯಾವುದೂ ನಡೆಯಲ್ಲ. ಕಣ್ಣಿನ ಒಳಪರದೆ ಸುಡುತ್ತದೆ. ಸುಡುವಾಗ ನೋವೂ ಗೊತ್ತಾಗುವುದಿಲ್ಲ.

ಮತ್ತೆ ನೋಡುವುದು ಹೇಗೆ? 2019ರಲ್ಲಿ ಎಳ್ಳಮಾವಾಸ್ಯೆಗೇ ಸೂರ್ಯಗ್ರಹಣ ಬಂತು. ಡಿಸೆಂಬರ್ 26ರ ಬೆಳಿಗ್ಗೆ. ಚರಗದ ಬುತ್ತಿ ಕಟ್ಟುವ ಗಡಿಬಿಡಿಯೆಲ್ಲ ಗ್ರಹಣ ಬಿಟ್ಟ ಮೇಲೆ ಅಂತ ನಮ್ಮ ಮನೆಯಲ್ಲಿ ತೀರ್ಮಾನ. ನಾನು ಕಾಳು ಸೋಸುವ ದೊಡ್ಡ ತೂತಿನ ಜರಡಿ ತಂದು, ಸೂರ್ಯನಿಗೆ ಬೆನ್ನು ಮಾಡಿ ಅಂಗಳದಲ್ಲಿ ಹಿಡಿದೆ. ನೆಲದ ಮೇಲೆ, ಜರಡಿಯ ನೆರಳಿನೊಳಗೆ, ಒಂದೊಂದು ತೂತಿಗೂ ಒಂದೊಂದು ಪುಟ್ಟ ಬೆಳಕಿನ ಕುಡುಗೋಲು! ಚಂದ್ರ ಅಡ್ಡ ಬಂದು ಒಂದಿಷ್ಟು ಮುಚ್ಚಿದ ಸೂರ್ಯನ ಬಿಂಬವೇ ಅದು. ಬೇವಿನ ಮರದ ಕೆಳಗೂ ಎಲೆಗಳ ಸಂದಿಯಿಂದ ಅವೇ ಕುಡುಗೋಲು. ಗ್ರಹಣ ಬಿಡುವವರೆಗೆ ಹೊರಗೆ ಕಾಲಿಡಲ್ಲ ಅಂದಿದ್ದ ನಮ್ಮ ಅವ್ವ, ಜರಡಿ ಎಲ್ಲಿ ಅಂತ ಕೇಳಲು ಬಂದವಳು, ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಣಿಸತೊಡಗಿದಳು.