ಟೋನ್‌ಆರ್ಮ್ ಅಲುಗಬೇಕು, ಅಲುಗಲೂಬಾರದು

ಎಲ್ಲರಿಗೂ ನಮಸ್ಕಾರ. ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ಪ್ಲೇಯರ್, ಅಂದ ಕೂಡಲೇ ಜನ ಕೇಳುವುದು ಮುಳ್ಳು ಕೂತಿರುವ ಪುಟ್ಟ ಡಬ್ಬಿ, ಅಂದರೆ ಕಾರ್ಟ್ರಿಡ್ಜ್, ಯಾವುದು, ಎಷ್ಟು ಕೊಟ್ಟಿರಿ ಅಂತ. ಅದನ್ನು ತುದಿಯಲ್ಲಿ ಹಿಡಿದುಕೊಂಡಿರುವ ತೋಳು, ಟೋನ್‌ಆರ್ಮ್, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಇವತ್ತು ಅದರದೇ ಮಾತು. ಹೊಂದದ ಆರ್ಮಿಗೆ ಸಿಕ್ಕಿಸಿದ ದುಬಾರಿ ಕಾರ್ಟ್ರಿಡ್ಜ್ ಸುಮ್ನೆ ದುಡ್ಡು ದಂಡ.

ಕಾರ್ಟ್ರಿಡ್ಜ್ ಅಳೆಯುವುದು ಮುಳ್ಳು ಎಷ್ಟು ಅಲುಗಿತು ಅನ್ನೋದನ್ನಲ್ಲ, ತನ್ನ ಮೈಗಿಂತ ಎಷ್ಟು ಬೇರೆಯಾಗಿ ಅಲುಗಿತು ಅನ್ನೋದನ್ನು. ಮೈಯೇ ನಡುಗಿದರೆ ಆ ನಡುಕವೂ ಹಾಡಿನ ಜತೆ ಸೇರಿ ಸ್ಪೀಕರಿಗೆ ಹೋಗುತ್ತದೆ. ಹಾಗಾಗಿ ಸುಮಾರು 20 ಹರ್ಟ್ಜ್‌ನಿಂದ (ಸೆಕೆಂಡಿಗೆ 20 ಸಲ ಅಲುಗುವುದು) ಮೇಲೆ, ಅಂದರೆ ಹಾಡು ಇರುವ ಕಡೆ, ಆರ್ಮ್ ಕಲ್ಲಿನಂತೆ ನಿಂತಿರಬೇಕು. ಆದರೆ ಬೇಸಿಗೆಯ ಬಿಸಿಗೆ ಸೊಟ್ಟಗಾದ ರೆಕಾರ್ಡ್ ಹಾಕಿದಿರಿ ಅಂದುಕೊಳ್ಳಿ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಸುತ್ತಿಗೊಂದು ಉಬ್ಬು ಬಂದರೆ ಅದು 0.55 ಹರ್ಟ್ಜ್, ಸಣ್ಣಪುಟ್ಟ ಉಬ್ಬುಗಳು ಬಹುತೇಕ ಐದಾರು ಹರ್ಟ್ಜ್ ಒಳಗೆ. ಅಲ್ಲಿ ಅದೇ ಆರ್ಮ್ ತಕರಾರಿಲ್ಲದೆ ಮುಳ್ಳಿನ ಜತೆ ಏರಿ ಇಳಿಯಬೇಕು.

ಈ ಎರಡರ ನಡುವೆ ಒಂದು ಜಾಗವಿದೆ. ಮುಳ್ಳು ಕೂತಿರುವ ಕಡ್ಡಿ ಒಂದು ಸ್ಪ್ರಿಂಗ್, ಆರ್ಮ್ ಅದಕ್ಕೆ ಕಟ್ಟಿದ ಭಾರ. ಎರಡೂ ಸೇರಿದರೆ ತಮ್ಮದೇ ಒಂದು ವೇಗದಲ್ಲಿ ತೂಗುತ್ತವೆ. ಆ ತೂಗು 8ರಿಂದ 12 ಹರ್ಟ್ಜ್ ಒಳಗೆ ಬಿದ್ದರೆ ಒಳ್ಳೆಯದು, ಕೆಳಗಿನ ಸೊಟ್ಟಕ್ಕೂ ಮೇಲಿನ ಹಾಡಿಗೂ ಸಿಗುವುದಿಲ್ಲ. ಲೆಕ್ಕ ಸುಲಭ. ಆರ್ಮಿನ ಎಫೆಕ್ಟಿವ್ ಮಾಸ್ (ಏನಂತ ಆಮೇಲೆ ಹೇಳುತ್ತೇನೆ), ಕಾರ್ಟ್ರಿಡ್ಜ್, ಸ್ಕ್ರೂ ಎಲ್ಲದರ ಗ್ರಾಂ ಕೂಡಿಸಿ, ಕಂಪ್ಲಯನ್ಸ್‌ನಿಂದ, ಅಂದರೆ ಆ ಸ್ಪ್ರಿಂಗ್ ಎಷ್ಟು ಮೆತ್ತಗಿದೆ ಅನ್ನುವ ಅಂಕಿಯಿಂದ, ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ.

ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ ತಗೊಳ್ಳಿ, ಡಿಜೆಗಳ ಕೈಯಲ್ಲಿ ನೋಡಿರುತ್ತೀರಿ, ಮೊದಲು ಬಂದದ್ದು 1972ರಲ್ಲಿ. ಆರ್ಮ್ 12 ಗ್ರಾಂ. ಆರ್ಟೊಫಾನ್ 2ಎಂ ರೆಡ್ ಕಾರ್ಟ್ರಿಡ್ಜ್ 7.2 ಗ್ರಾಂ, ಸ್ಕ್ರೂಗೆ ಒಂದು ಗ್ರಾಂ, ಕಂಪ್ಲಯನ್ಸ್ 20. ಉತ್ತರ 8 ಹರ್ಟ್ಜ್‌ಗೆ ಕೂದಲೆಳೆಯಷ್ಟು ಕಡಿಮೆ. ನಡೆಯುತ್ತದೆ. ಈಗ ಡೆನಾನ್ ಡಿಎಲ್-103 ಹಾಕಿ, ಜಪಾನಿನ ಎನ್‌ಎಚ್‌ಕೆ ರೇಡಿಯೋಗೆಂದು 60ರ ದಶಕದಲ್ಲಿ ಮಾಡಿದ್ದು, 8.5 ಗ್ರಾಂ. ಕಾಗದದಲ್ಲಿ ಕಂಪ್ಲಯನ್ಸ್ 5 ಅಂತಿದೆ. ಲೆಕ್ಕ ಹಾಕಿದರೆ 15 ಹರ್ಟ್ಜ್ ದಾಟುತ್ತದೆ, ಜನ ಗಾಬರಿಯಾಗಿ ಭಾರದ ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂರುವ ಆರ್ಮಿನ ತುದಿ) ಹುಡುಕುತ್ತಾರೆ. ಸ್ವಲ್ಪ ತಡೀರಿ. ಜಪಾನಿನ ಎಷ್ಟೋ ಕಂಪನಿಗಳು ಕಂಪ್ಲಯನ್ಸ್ ಅಳೆಯುವುದು 100 ಹರ್ಟ್ಜ್‌ನಲ್ಲಿ, ನಮಗೆ ಬೇಕಿರುವುದು 10 ಹರ್ಟ್ಜ್‌ನದು, ಅದು ಒಂದೂವರೆಯಿಂದ ಎರಡು ಪಟ್ಟು ಜಾಸ್ತಿ ಇರುತ್ತದೆ. 10 ಅಂತ ಹಿಡಿದರೆ ಉತ್ತರ 10.8. ನನ್ನ ಪ್ರಕಾರ ಈ ಒಂದು ಗೊಂದಲದಿಂದಲೇ ಬೇಡದ ಸಾಮಾನು ಬೇಕಾದಷ್ಟು ಮಾರಾಟವಾಗುತ್ತದೆ.

ಎಫೆಕ್ಟಿವ್ ಮಾಸ್ ಅಂದರೆ ತಕ್ಕಡಿಯ ತೂಕವಲ್ಲ, ಮುಳ್ಳಿಗೆ ಅನ್ನಿಸುವ ತೂಕ. ಆರ್ಮ್ ತಿರುಗುವ ತಿರುಗಣೆಯಿಂದ ಇರುವ ದೂರದ ವರ್ಗದಂತೆ ಅದು ಏರುತ್ತದೆ. ತುದಿಯಲ್ಲಿರುವ ಒಂದು ಗ್ರಾಂ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ತಿರುಗಣೆ ಹತ್ತಿರದ ಕೌಂಟರ್‌ವೇಟ್, ಅಂದರೆ ಹಿಂದಿರುವ ಸಮತೋಲದ ಗುಂಡು, ಎಷ್ಟು ಭಾರವಿದ್ದರೂ ಅಷ್ಟು ಕಾಡುವುದಿಲ್ಲ. ಅದಕ್ಕೇ ಭಾರದ ಕೌಂಟರ್‌ವೇಟ್ ಹತ್ತಿರ ಇಡುವುದು ವಾಸಿ.

ಇನ್ನು ಆರ್ಮಿನ ಕೊಳವೆ. ಮುಳ್ಳಿನಿಂದ ಬಂದ ನಡುಕ ಕೊಳವೆಗೂ ಹರಿಯುತ್ತದೆ, ಜಾಯಿಂಟು ಸಡಿಲವಿದ್ದರೆ ಅಲ್ಲೇ ಸದ್ದು ಮಾಡುತ್ತದೆ. ರೆಗಾ ಕಂಪನಿಯವರು 1983ರಲ್ಲಿ ಆರ್‌ಬಿ300 ಅನ್ನೋ ಆರ್ಮ್ ತಂದಾಗ ಹೆಡ್‌ಶೆಲ್ ಮತ್ತು ಕೊಳವೆಯನ್ನು ಒಂದೇ ಅಲ್ಯೂಮಿನಿಯಂ ಎರಕದಲ್ಲಿ ಮಾಡಿದರು. ಅಷ್ಟು ಒಳ್ಳೆಯ ಉಪಾಯ ಸಾಮಾನ್ಯ ಬೆಲೆಗೆ ಸಿಕ್ಕಿದ್ದು ನನಗೆ ಇವತ್ತಿಗೂ ಖುಷಿ. ಹೆಡ್‌ಶೆಲ್ ಬಿಚ್ಚುವ ಆರ್ಮಿನಲ್ಲಿ ಅನುಕೂಲ ಜಾಸ್ತಿ, ಹೆಡ್‌ಶೆಲ್ ಹಿಡಿದಿರುವ ಕಾಲರನ್ನು ಆಗಾಗ ಬಿಗಿ ಮಾಡಿ, ಸಾಕು.

ಹೊರಗಿನ ನಡುಕ ಬೇರೆ ಕತೆ. ಸ್ಪ್ರಿಂಗ್ ಮೇಲೆ ತೂಗುವ ಟರ್ನ್‌ಟೇಬಲ್, 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮಾಡಿದ ಎಆರ್ ಥರದ್ದು, ಅದ್ಭುತವೇ. ಆದರೆ ಮರದ ನೆಲದ ಮನೆಯಲ್ಲಿ ಯಾರಾದರೂ ನಡೆದರೆ ಅದೇ ಕುಣಿಯುತ್ತದೆ, ಅದಕ್ಕೇ ಅಲ್ಲಿಯವರು ಗೋಡೆಗೆ ಶೆಲ್ಫ್ ಹೊಡೆಸುತ್ತಾರೆ. ನಮ್ಮ ಬೆಂಗಳೂರಿನ ಕಾಂಕ್ರೀಟ್ ನೆಲದಲ್ಲಿ ಹೆಜ್ಜೆಯ ಕಾಟ ಅಷ್ಟಿಲ್ಲ. ನಮ್ಮ ಶತ್ರು ಸ್ಪೀಕರ್. ಫೋನೋ ಪ್ರೀಆಂಪ್ (ಕಾರ್ಟ್ರಿಡ್ಜಿನ ಪುಟ್ಟ ಸಿಗ್ನಲನ್ನು ದೊಡ್ಡದು ಮಾಡುವ ಪೆಟ್ಟಿಗೆ) 1000 ಹರ್ಟ್ಜ್‌ಗಿಂತ 20 ಹರ್ಟ್ಜನ್ನು 19 ಡೆಸಿಬೆಲ್‌ನಷ್ಟು, ಅಂದರೆ ಸುಮಾರು 9 ಪಟ್ಟು, ಏರಿಸುತ್ತದೆ. ಸ್ಪೀಕರ್ ಮತ್ತು ಟರ್ನ್‌ಟೇಬಲ್ ಒಂದೇ ಮೇಜಿನ ಮೇಲಿದ್ದರೆ ಆ ಸದ್ದು ಮತ್ತೆ ಮುಳ್ಳಿಗೆ ಬಂದು ಮತ್ತೆ 9 ಪಟ್ಟಾಗುತ್ತದೆ. ಟರ್ನ್‌ಟೇಬಲ್ ಕೆಳಗಿಡುವ ದುಬಾರಿ ಕೋನು, ಪಾದ ಕೊಳ್ಳುವ ಮೊದಲು ಸ್ಪೀಕರನ್ನು ಆ ಮೇಜಿನಿಂದ ಇಳಿಸಿ, ಆಯ್ತಾ?

ಸೆಟಪ್‌ನಲ್ಲಿ ಮೊದಲು ಟರ್ನ್‌ಟೇಬಲ್ ಸಮತಟ್ಟಾಗಿರಲಿ. ಎಸ್‌ಎಲ್-1200ರಲ್ಲಿ ಹೆಡ್‌ಶೆಲ್ಲಿನ ವಾಷರ್‌ನಿಂದ ಮುಳ್ಳಿಗೆ 52 ಮಿಲಿಮೀಟರ್ ಇಡಿ, ಅಥವಾ ಕಾರ್ಟ್ರಿಡ್ಜ್ ಸರಿಯಾಗಿ ಕೂರಿಸುವ ಅಳತೆಪಟ್ಟಿ, ಪ್ರೊಟ್ರ್ಯಾಕ್ಟರ್, ಬಳಸಿ. ಆಮೇಲೆ ಮುಳ್ಳು ರೆಕಾರ್ಡನ್ನು ಒತ್ತುವ ಭಾರ. 2ಎಂ ರೆಡ್‌ಗೆ 1.8 ಗ್ರಾಂ. ಕಡಿಮೆ ಇಟ್ಟರೆ ರೆಕಾರ್ಡ್ ಉಳಿಯುತ್ತೆ ಅನ್ನುವವರನ್ನು ನಂಬಬೇಡಿ, ಹಗುರವಾದ ಮುಳ್ಳು ರೆಕಾರ್ಡಿನ ಗೀರಿನಿಂದ ಎದ್ದು ಆ ಗೀರಿನ ಗೋಡೆಗೆ ಬಡಿಯುತ್ತದೆ, ಹಾಳಾಗುವುದು ಹಾಗೆ. ಹೆಡ್‌ಶೆಲ್ ಒಳಕ್ಕೆ ಓರೆಯಾಗಿರುವುದರಿಂದ ಗೀರಿನ ಘರ್ಷಣೆ ಆರ್ಮನ್ನು ನಡುವಿನ ಕಡೆ ಎಳೆಯುತ್ತದೆ, ಅದನ್ನು ತಡೆಯುವುದೇ ಆಂಟಿಸ್ಕೇಟ್. ಗೀರಿಲ್ಲದ ನುಣುಪು ರೆಕಾರ್ಡಿನ ಮೇಲೆ ಅದನ್ನು ಹೊಂದಿಸಬೇಡಿ, ಅಲ್ಲಿ ಘರ್ಷಣೆಯೇ ಬೇರೆ. ಜೋರು ದನಿಯ ಹಾಡು ಹಾಕಿ, ಬಲಗಡೆ ಮಾತ್ರ ಒಡೆದಂತೆ ಕೇಳಿಸಿದರೆ ಸ್ವಲ್ಪ ಏರಿಸಿ. ಕಾರ್ಟ್ರಿಡ್ಜ್ ಒಂದು ಮಿಲಿಮೀಟರ್ ಸರಿಸಿದರೂ ಭಾರವನ್ನು ಮತ್ತೆ ತೂಗಿ ನೋಡಿ. ತೂಗುವ ಪುಟ್ಟ ತಕ್ಕಡಿ ಇಲ್ಲೇ ಇದೆ, ನಿಮ್ಮ ಹೆಡ್‌ಶೆಲ್ ತಂದಿದ್ದವರು ಒಬ್ಬೊಬ್ಬರಾಗಿ ಮುಂದೆ ಬನ್ನಿ.