ಇಂಗ್ಲಿಷ್ ಕಾದಂಬರಿಗಳಲ್ಲಿ ಮೇಣದಬತ್ತಿ

ಕೇಳುಗರಿಗೆ ನಮಸ್ಕಾರ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಮೇಣದಬತ್ತಿಯನ್ನು ನಾವು ಬರಿಯ ಬೆಳಕೆಂದುಕೊಂಡು ದಾಟಿಬಿಡುತ್ತೇವೆ. ಆ ಕಾಲದ ಓದುಗರಿಗಾದರೋ ಅದು ಮನೆಯ ಅನುಕೂಲ, ಅನಾನುಕೂಲಗಳನ್ನೆಲ್ಲ ಹೇಳುತ್ತಿತ್ತು. ಜೇನುಮೇಣದ ಬತ್ತಿ ಸಿರಿವಂತರ ಸೊತ್ತು. ಸಾಮಾನ್ಯರ ಮನೆಯಲ್ಲಿ ಉರಿಯುತ್ತಿದ್ದದ್ದು ದನಕುರಿಗಳ ಕೊಬ್ಬಿನಿಂದ ಮಾಡಿದ ಬತ್ತಿ. ಅದು ಹೊಗೆಯಾಡುತ್ತಿತ್ತು, ನಾರುತ್ತಿತ್ತು, ಕರಕಾದ ತುದಿಯನ್ನು ಆಗಾಗ ಕತ್ತರಿಸದಿದ್ದರೆ ಮಂಕಾಗುತ್ತಿತ್ತು. ಇದು ಸಾಲದೆಂಬಂತೆ ಬ್ರಿಟನ್ನಿನಲ್ಲಿ 1831ರವರೆಗೂ ಮೇಣದಬತ್ತಿಗೆ ತೆರಿಗೆಯಿತ್ತು.

ಜೇನ್ ಆಸ್ಟಿನ್ 1815ರಲ್ಲಿ ಪ್ರಕಟಿಸಿದ ‘ಎಮ್ಮಾ’ದಲ್ಲಿ, ಅನಾಥೆಯಾದ ಜೇನ್ ಫೇರ್‌ಫ್ಯಾಕ್ಸ್‌ಗೆ ದೊಡ್ಡ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಕೊಡಿಸಲು ಹೊರಟ ಶ್ರೀಮತಿ ಎಲ್ಟನ್, ಆ ಮನೆಯ ಪಾಠದ ಕೋಣೆಯಲ್ಲೂ ಜೇನುಮೇಣದ ಬತ್ತಿಯೇ ಉರಿಯುತ್ತದೆಂದು ಉದ್ಗರಿಸುತ್ತಾಳೆ. ಕೆಲಸಕ್ಕೆ ಹೋಗಬೇಕಾದವಳ ಮನಸ್ಸೇನೆಂದು ವಿಚಾರಿಸದೆ ಬತ್ತಿಯ ಹೆಚ್ಚುಗಾರಿಕೆಯನ್ನು ಕೊಂಡಾಡುವ ಈ ಒಂದು ಮಾತಿನಲ್ಲಿ ಆಕೆಯ ಡೌಲೆಲ್ಲವೂ ಬಯಲಾಗುತ್ತದೆ. ಲೇಖಕಿ ಬೇರೆ ಟೀಕೆ ಮಾಡಬೇಕಾಗಿಯೇ ಇಲ್ಲ. ಡಿಕನ್ಸ್‌ನ 1843ರ ಕ್ರಿಸ್‌ಮಸ್ ಕಥೆಯಲ್ಲಿ, ಜಿಪುಣ ಯಜಮಾನ ಕಲ್ಲಿದ್ದಲು ಕೊಡದ ಕಾರಣ ಗುಮಾಸ್ತ ಬಾಬ್ ಕ್ರ್ಯಾಚಿಟ್ ಮೇಣದಬತ್ತಿಯ ಕುಡಿಯಲ್ಲೇ ಚಳಿ ಕಾಯಿಸಿಕೊಳ್ಳಲು ನೋಡುತ್ತಾನೆ.

ಆದರೆ ಈ ವಸ್ತುವನ್ನು ಅತ್ಯಂತ ಹತ್ತಿರದಿಂದ ಕಂಡವಳು, ನನ್ನ ದೃಷ್ಟಿಯಲ್ಲಿ, 1847ರಲ್ಲಿ ‘ವುದರಿಂಗ್ ಹೈಟ್ಸ್’ ಬರೆದ ಎಮಿಲಿ ಬ್ರಾಂಟೆ. ಅದೇ ಹೆಸರಿನ ಮನೆಯಲ್ಲಿ ರಾತ್ರಿ ತಂಗಿದ ಅತಿಥಿ ಲಾಕ್‌ವುಡ್ ತೂಕಡಿಸುತ್ತಿರುವಾಗ ಬತ್ತಿಯ ಕುಡಿ ಹಳೆಯ ಪುಸ್ತಕವೊಂದಕ್ಕೆ ತಗುಲಿ, ರಟ್ಟಿನ ಕರುವಿನ ಚರ್ಮ ಸುಟ್ಟ ವಾಸನೆ ಹರಡುತ್ತದೆ. ಮುಂದೆ ಅವನ ಕೂಗು ಕೇಳಿ ಬರುವ ಮನೆಯ ಯಜಮಾನ ಹೀತ್‌ಕ್ಲಿಫ್‌ನ ಬೆರಳುಗಳ ಮೇಲೆ ಮೇಣದಬತ್ತಿ ಕರಗಿ ಸುರಿಯುತ್ತಿರುತ್ತದೆ. ಹಲಗೆ ಕಿರುಗುಟ್ಟಿದ ಒಂದೇ ಸದ್ದಿಗೆ ಬತ್ತಿ ಕೈಜಾರಿ ದೂರ ಬೀಳುತ್ತದೆ, ಅದನ್ನೆತ್ತಿಕೊಳ್ಳಲೂ ಅವನಿಗೆ ಕೈ ಬಾರದು. ಯಾರಿಗೂ ಅಂಜದ ಮನುಷ್ಯ ಹೀಗೆ ನಡುಗಿದ್ದು ಏಕೆಂಬುದನ್ನು ತಿಳಿಯಲು ನಾವು ಕಾದಂಬರಿಯನ್ನೇ ಓದಬೇಕು.

ಮತ್ತೆ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ, ಹಗಲಿನ ಬೆಳಕು ಹೊಗದ ಮನೆಯೊಳಗೆ ಹುಡುಗ ಪಿಪ್‌ನನ್ನು ಕರೆತರುವ ಎಸ್ಟೆಲಾ ಬಾಗಿಲ ಬಳಿ ಅವನನ್ನು ಬಿಟ್ಟು ತಿರಸ್ಕಾರದಿಂದ ಹೊರಟುಹೋಗುತ್ತಾಳೆ. ತಿರಸ್ಕಾರಕ್ಕಿಂತಲೂ ಆಕೆ ಮೇಣದಬತ್ತಿಯನ್ನೂ ಒಯ್ದದ್ದೇ ಹೆಚ್ಚಿನ ಕಷ್ಟವಾಯಿತೆಂದು ಪಿಪ್ ಹೇಳುತ್ತಾನೆ. ನಮಸ್ಕಾರ.